ತೆಪ್ಪದ ತಳ ನೋಡಿದ್ದೀರಾ?

ದಾವಣಗೆರೆಯಿಂದ ಸುಮಾರು 14 ಕಿ.ಮೀ. ದೂರದ ಹರಿಹರ ದಾಟಿ ರಾಣೆಬೆನ್ನೂರಿನತ್ತ ಹೋಗುವಾಗ ಬಸ್ಸು ತುಂಗಭದ್ರೆಯ ಸೇತುವೆಯ ಮೇಲೆ ಸಾಗುತ್ತದೆ. ಆಗ ನೀವು ಕಿಟಕಿಯಿಂದ ಕೆಳಗೆ ನೋಡಿದ್ದೀರಾ? ದಡದಲ್ಲಿ ದೊಡ್ಡ ಬುಟ್ಟಿಯಂತಹ ತೆಪ್ಪವೊಂದು ಬೋರಲಾಗಿ ಬಿದ್ದಿರಬಹುದು. ಕೆಲಸಕ್ಕೆ ಬಾರದೆ ಬಿದ್ದಿದೆ ಎಂದುಕೊಳ್ಳಬೇಡಿ. ಅದರ ತಳ ಒಣಗುತ್ತಿದೆ. ಬೆಸ್ತರವನ ಅನ್ನವೂ ಪ್ರಾಣವೂ ನಿಂತಿರುವುದು ಆ ತಳದ ಮೇಲೆಯೇ.

ಹರಿಹರದಲ್ಲಿ ಕಲ್ಲು-ಇಟ್ಟಿಗೆಯ ಹಳೆಯ ಸೇತುವೆಯಾದದ್ದು 1868ರಲ್ಲಿ. ಅದಕ್ಕೆ ಮುಂಚೆ ತುಂಬಿದ ಹೊಳೆ ದಾಟಲು ತೆಪ್ಪ, ಹರಿಗೋಲುಗಳೇ ಗತಿ. 1520ರ ಸುಮಾರಿಗೆ ವಿಜಯನಗರಕ್ಕೆ ಬಂದಿದ್ದ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯೆಸ್ ಇದೇ ಹೊಳೆಯಲ್ಲಿ, ಆನೆಗೊಂದಿಯ ಬಳಿ, ಚರ್ಮ ಹೊದಿಸಿದ ದುಂಡು ದೋಣಿಗಳನ್ನು ಕಂಡು ಬರೆದಿದ್ದಾನೆ. ಅವುಗಳಲ್ಲಿ 15-20 ಮಂದಿ ಕೂರಬಹುದಿತ್ತಂತೆ.

ಇಂದು ಚರ್ಮದ ಜಾಗಕ್ಕೆ ಪ್ಲಾಸ್ಟಿಕ್ ಹಾಳೆ ಬಂದಿದೆ. ಸೀಳಿದ ಬಿದಿರಿನಿಂದ ಬುಟ್ಟಿ ಹೆಣೆದು, ಹಾಳೆ ಹೊದಿಸಿ, ಮೇಲೆ ಡಾಂಬರು ಬಳಿಯುತ್ತಾರೆ. ಕೆಲವು ಕಡೆ ಫೈಬರ್ ತೆಪ್ಪಗಳೂ ಇವೆ. ಬಿದಿರಿನ ತೆಪ್ಪಕ್ಕೆ ಆರೈಕೆ ತಪ್ಪದೆ ಬೇಕು. ನೀರು ಒಳಗೆ ನಿಂತರೆ ಬಿದಿರು ಕೊಳೆಯುತ್ತದೆ. ಬಿಸಿಲು ಹೆಚ್ಚಾದರೆ ಡಾಂಬರು ಮೆತ್ತಗಾಗುತ್ತದೆ. ಕಲ್ಲಿನ ಮೇಲೆ ಎಳೆದರೆ ಹಾಳೆ ಹರಿಯುತ್ತದೆ. ಆದ್ದರಿಂದಲೇ ತೆಪ್ಪವನ್ನು ಎಳೆಯದೆ ಹೊತ್ತು ತರುತ್ತಾರೆ, ಬೋರಲು ಹಾಕಿ ಒಣಗಿಸುತ್ತಾರೆ, ಬಿರುಕು ಕಂಡಲ್ಲಿ ತೇಪೆ ಹಾಕಿ ಮತ್ತೆ ಡಾಂಬರು ಬಳಿಯುತ್ತಾರೆ.

ದೋಣಿ ಎಷ್ಟೇ ದೊಡ್ಡದಾದರೂ ನಿಯಮ ಒಂದೇ. ಕೇರಳದ ದೋಣಿಮನೆ ಕೆಟ್ಟುವಳ್ಳಂನ ಹಲಗೆಗಳನ್ನು ತೆಂಗಿನ ನಾರಿನ ಹಗ್ಗದಿಂದ ಹೊಲಿದು, ಗೇರುಬೀಜದ ಸಿಪ್ಪೆಯ ಎಣ್ಣೆ ಬಳಿಯುವುದು ರೂಢಿ. ಕಬ್ಬಿಣದ ತೇಲುಗೊಳವೆಗಳ ಮೇಲೆ ನಿಂತ ದೋಣಿಮನೆಯಾದರೆ ತುಕ್ಕು ಕೆರೆದು ಬಣ್ಣ ಬಳಿಯಬೇಕು, ಬೆಸುಗೆಗಳನ್ನು ಪರೀಕ್ಷಿಸಬೇಕು. ಮೇಲಿನ ಕೋಣೆ ಎಷ್ಟೇ ಚೆಂದವಿರಲಿ, ತಳ ತೂತಾದರೆ ಎಲ್ಲವೂ ನೀರುಪಾಲು.

ಪ್ರವಾದಿ(ಸ)ರವರು ನೀಡಿದ ಹಡಗಿನ ಉಪಮೆ ನಿಮಗೆ ಗೊತ್ತಿರಬಹುದು. ಹ. ನುಅ್‌ಮಾನ್ ಬಿನ್ ಬಶೀರ್(ರ)ರಿಂದ ವರದಿಯಾದ ಈ ಹದೀಸ್ ಸಹೀಹ್ ಬುಖಾರಿಯಲ್ಲಿದೆ. ಕೆಳ ಅಂತಸ್ತಿನವರು ನೀರಿಗಾಗಿ ಪ್ರತಿಸಲ ಮೇಲೆ ಹೋಗಬೇಕಿತ್ತು. ಮೇಲಿನವರಿಗೇಕೆ ತೊಂದರೆ, ನಮ್ಮ ಪಾಲಿನ ಜಾಗದಲ್ಲೇ ತೂತು ಕೊರೆಯೋಣ ಎಂದು ಅವರು ಯೋಚಿಸಿದರು. ಮೇಲಿನವರು ಸುಮ್ಮನಿದ್ದರೆ ಎಲ್ಲರೂ ಮುಳುಗುತ್ತಾರೆ, ಕೈಹಿಡಿದು ತಡೆದರೆ ಎಲ್ಲರೂ ಉಳಿಯುತ್ತಾರೆ. 'ಅದು ಅವರ ಜಾಗ, ನನಗೇನು?' ಎನ್ನುವ ಮಾತಿಗೆ ದೋಣಿಯಲ್ಲಿ ಅರ್ಥವಿಲ್ಲ. ಸಮಾಜದಲ್ಲೂ ಇಲ್ಲ.

ಆದ್ದರಿಂದ ರಜೆಯಲ್ಲಿ ಮಕ್ಕಳೊಂದಿಗೆ ತೆಪ್ಪ ಹತ್ತುವ ಮುನ್ನ ತಳ ನೋಡಿ. ಒಳಗೆ ನೀರು ಜಿನುಗುತ್ತಿದೆಯೇ? ಮಂದಿ ಹೆಚ್ಚಾಗಿದ್ದಾರೆಯೇ? ಲೈಫ್ ಜಾಕೆಟ್ ಇದೆಯೇ? ಕೇಳಲು ಸಂಕೋಚ ಬೇಡ. ಹೊಳೆ ತುಂಬಿ ಹರಿಯುವಾಗ ಹತ್ತಲೇಬೇಡಿ.

ಇನ್ನೊಂದು ಮಾತು. ಕುರ್‌ಆನಿನ ಅಲ್‌ಕಹ್ಫ್ ಅಧ್ಯಾಯದಲ್ಲಿ ಹ. ಮೂಸಾ(ಅ)ರ ಪ್ರಯಾಣದಲ್ಲಿ ಬರುವ ಹಡಗು ಬಡವರದು, ದುಡಿದು ತಿನ್ನುವವರದು. ನಮ್ಮ ಹೊಳೆಯ ತೆಪ್ಪವೂ ಅಂಥದೇ. ಮಳೆಗಾಲಕ್ಕೆ ಮುಂಚೆ ನಿಮಗೆ ಗೊತ್ತಿರುವ ಬೆಸ್ತರವನೊಬ್ಬನಿಗೆ ಒಂದು ಡಬ್ಬ ಡಾಂಬರು, ಒಂದು ಹಾಳೆ ಕೊಡಿಸಿ ನೋಡಿ. ಅವನ ಧರ್ಮ ಯಾವುದೆಂದು ಕೇಳಬೇಡಿ. ನೀವು ಕೊಟ್ಟದ್ದು ನೀರಿನ ಅಡಿಯಲ್ಲಿರುತ್ತದೆ, ಯಾರಿಗೂ ಕಾಣುವುದಿಲ್ಲ. ಅಲ್ಲಾಹನಿಗೆ ಕಾಣುತ್ತದೆ.