ಗಾಜಿನಾಚೆ ಉಬ್ಬುತ್ತದೆ ನೋಡಿ ಮಫಿನ್!

ಓವನ್ನಿನ ದೀಪ ಹಾಕಿ, ಗಾಜಿನ ಬಾಗಿಲ ಮುಂದೆ ಕುಕ್ಕರುಗಾಲಲ್ಲಿ ಕುಳಿತುಬಿಡಿ. ಮೊದಲ ಕೆಲವು ನಿಮಿಷ ಏನೂ ಇಲ್ಲ. ಆಮೇಲೆ ಹಿಟ್ಟಿನ ಅಂಚು ಸಣ್ಣಗೆ ನಡುಗುತ್ತದೆ, ಮೇಲೆ ಗುಳ್ಳೆಯೊಂದು ಒಡೆಯುತ್ತದೆ, ಅರೆ, ನಡುಭಾಗ ಏಳುತ್ತಿದೆ! ಕಾಗದದ ಬಟ್ಟಲು ದಾಟಿತು, ಗೋಪುರವಾಯಿತು, ನೆತ್ತಿ ಬಿರಿಯಿತು, ಬಿರುಕಿನಿಂದ ಒಣದ್ರಾಕ್ಷಿಯೊಂದು ಇಣುಕಿತು!

ಇಷ್ಟೆಲ್ಲ ಮಾಡಿದ್ದು 2 ಟೀ ಚಮಚ ಬೇಕಿಂಗ್ ಪೌಡರ್ ಎಂದರೆ ನಂಬುತ್ತೀರಾ? ಅದು ಹುಟ್ಟಿದ ಕಥೆಯೇ ಸೊಗಸು. ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮಿನಲ್ಲಿ ಔಷಧದ ಅಂಗಡಿ ಇಟ್ಟಿದ್ದ ಆಲ್ಫ್ರೆಡ್ ಬರ್ಡ್‌ನ ಹೆಂಡತಿಗೆ ಯೀಸ್ಟ್ ಒಗ್ಗುತ್ತಿರಲಿಲ್ಲ. ಅವಳೂ ಮೆತ್ತನೆಯ ಬ್ರೆಡ್ ತಿನ್ನಲೆಂದು 1843ರಲ್ಲಿ ಆತ ಯೀಸ್ಟಿನ ಹಂಗಿಲ್ಲದೆ ಹಿಟ್ಟು ಉಬ್ಬಿಸುವ ಪುಡಿ ಬೆರೆಸಿದ! ಸೋಡಾ, ಒಣ ಆಮ್ಲ, ಅವೆರಡೂ ಡಬ್ಬಿಯಲ್ಲೇ ಜಗಳಕ್ಕಿಳಿಯದಂತೆ ತೇವ ಹೀರುವ ಪಿಷ್ಟ, ಇಷ್ಟೇ ಅದರ ಗುಟ್ಟು. ಈಗಿನ ಹೆಚ್ಚಿನ ಪುಡಿಗಳು ಎರಡು ಸಲ ಅನಿಲ ಬಿಡುತ್ತವೆ: ಕಲಸಿದಾಗ ಒಮ್ಮೆ, ಬಿಸಿ ತಾಗಿದಾಗ ಮತ್ತೊಮ್ಮೆ. ಟ್ರೇಯ ಕಾವಿಗೆ ಮಫಿನ್ನಿನ ಸುತ್ತು ಮೊದಲು ಗಟ್ಟಿಯಾಗುತ್ತದೆ, ನಡು ಇನ್ನೂ ಸಡಿಲ. ಒಳಗಿನ ಅನಿಲಕ್ಕೂ ಹಬೆಗೂ ಬೇರೆ ದಾರಿಯೇ ಇಲ್ಲ, ಮೇಲಕ್ಕೇ ನುಗ್ಗಬೇಕು. ಗೋಪುರ ಎದ್ದದ್ದು ಹೀಗೆ!

ಇನ್ನೊಂದು ಸೋಜಿಗ. ಇಡ್ಲಿ ಹಿಟ್ಟನ್ನು ಕೈಯಾಡಿಸಿ ಚೆನ್ನಾಗಿ ಕಲಸಿ ರೂಢಿಯಾದ ನಮಗೆ ಇಲ್ಲಿ ಕಟ್ಟಪ್ಪಣೆ: ಹತ್ತು-ಹನ್ನೆರಡು ಸುತ್ತಿಗೆ ಸೌಟು ಕೆಳಗಿಡಿ. ಅಲ್ಲಲ್ಲಿ ಗಂಟು ಉಳಿದರೂ ಸರಿ. ಹೆಚ್ಚು ತಿರುವಿದಷ್ಟೂ ಮೈದಾದ ಗ್ಲುಟೆನ್ ಬಲಿಯುತ್ತದೆ, ಮಫಿನ್ ರಬ್ಬರಾಗುತ್ತದೆ, ಕತ್ತರಿಸಿದರೆ ಒಳಗೆಲ್ಲ ಉದ್ದುದ್ದ ಸುರಂಗ. ಸೋಮಾರಿತನಕ್ಕೆ ಇಷ್ಟು ರುಚಿಯಾದ ಬಹುಮಾನ ಬೇರೆಲ್ಲಿದೆ!

ಹಣ್ಣು-ಬೀಜದ ವಿಷಯಕ್ಕೆ ಬನ್ನಿ. ಸಿಪ್ಪೆ ಕಪ್ಪಾಯಿತೆಂದು ಎಸೆಯಲು ಹೊರಟ ಏಲಕ್ಕಿ ಬಾಳೆಯೇ ಇಲ್ಲಿ ರಾಜ. ಅದರ ಪಿಷ್ಟವೆಲ್ಲ ಅಷ್ಟರಲ್ಲಿ ಸಕ್ಕರೆಯಾಗಿರುತ್ತದೆ. ಒಣದ್ರಾಕ್ಷಿ ನಮ್ಮ ವಿಜಯಪುರದ್ದು: ನೆರಳಿನ ಶೆಡ್ಡಿನಲ್ಲಿ ಬಲೆಯ ಮೇಲೆ ಹರಡಿದ ಸುಮಾರು 4 ಕಿಲೋ ದ್ರಾಕ್ಷಿ ಸುಕ್ಕಿ ಸುಕ್ಕಿ 1 ಕಿಲೋ ಆಗಿರುತ್ತದೆ. ಗೋಡಂಬಿ ಕರಾವಳಿಯದು, ಆದರೆ ಗೇರುಮರದ ಮೂಲ ಬ್ರೆಜಿಲ್, ಪೋರ್ಚುಗೀಸರು ತಂದದ್ದು! ಒಣದ್ರಾಕ್ಷಿಯನ್ನು ಹತ್ತು ನಿಮಿಷ ಬಿಸಿನೀರಿನಲ್ಲಿ ನೆನೆಸಿ ಹಿಂಡಿ, ಇಲ್ಲದಿದ್ದರೆ ಹಿಟ್ಟಿನ ತೇವವನ್ನೇ ಕುಡಿದುಬಿಡುತ್ತದೆ. ಗೋಡಂಬಿಯನ್ನು ಘಮ್ಮೆನ್ನುವವರೆಗೆ ಹುರಿಯಿರಿ. ಹಿಟ್ಟು ಚಮಚದಿಂದ ದೊಪ್ಪನೆ ಬೀಳುವಷ್ಟು ದಪ್ಪಗಿದ್ದರೆ ಎರಡೂ ತಳ ಸೇರುವುದಿಲ್ಲ.

ಅಳತೆ ಸುಲಭ. 2 ಕಪ್ ಮೈದಾ, ಬೇಕಿಂಗ್ ಪೌಡರ್, ಕಾಲು ಟೀ ಚಮಚ ಸೋಡಾ, ಚಿಟಿಕೆ ಉಪ್ಪು ಒಂದು ಪಾತ್ರೆಗೆ. ಕಿವುಚಿದ 4 ಏಲಕ್ಕಿ ಬಾಳೆ, ಮುಕ್ಕಾಲು ಕಪ್ ಸಕ್ಕರೆ, ಅರ್ಧ ಕಪ್ ಮೊಸರು, ಕಾಲು ಕಪ್‌ಗಿಂತ ತುಸು ಹೆಚ್ಚು ಎಣ್ಣೆ, 1 ಮೊಟ್ಟೆ ಇನ್ನೊಂದಕ್ಕೆ. ಎರಡನ್ನೂ ಕೂಡಿಸಿ, ದ್ರಾಕ್ಷಿ-ಗೋಡಂಬಿ ಒಂದು ಹಿಡಿ ಹಾಕಿ, 12 ಬಟ್ಟಲಿಗೆ ಹಂಚಿ. ಮೊದಲೇ ಕಾಯಿಸಿದ ಓವನ್ನಿನಲ್ಲಿ 190 ಡಿಗ್ರಿ, 20 ನಿಮಿಷ. ನಡುವೆ ಬಾಗಿಲು ತೆಗೆದಿರೋ, ಗೋಪುರ ಕುಸಿಯಿತು! ಕಡ್ಡಿ ಚುಚ್ಚಿದಾಗ ಹಿಟ್ಟು ಅಂಟದೆ ಬಂದರೆ ಇಳಿಸಿ, ಹತ್ತು ನಿಮಿಷ ಆರಲು ಬಿಡಿ. ಬಿಸಿಯಲ್ಲೇ ಸುಲಿದರೆ ಅರ್ಧ ಮಫಿನ್ ಕಾಗದದ ಪಾಲು. ಮಾಡಿದ ದಿನವೇ ತಿಂದು ಮುಗಿಸಿ. ಮರುದಿನಕ್ಕೆ ಉಳಿದದ್ದು ಬರೀ ಕೇಕು.