ಒತ್ತಾಸೆಯ ದೇಹವಿಜ್ಞಾನ

ದೇವನಹಳ್ಳಿಯ ಬಳಿ 2008ರ ಮೇ ತಿಂಗಳಲ್ಲಿ ವಿಮಾನ ನಿಲ್ದಾಣ ಆರಂಭವಾದ ಮೇಲೆ ಬಳ್ಳಾರಿ ರಸ್ತೆಯ ಎರಡೂ ಬದಿಯ ಊರುಗಳು ಬದಲಾದ ಬಗೆಯನ್ನು ನಿವೇಶನಗಳ ಬೆಲೆ, ಮೇಲ್ಸೇತುವೆಗಳು ಮತ್ತು ಕೆರೆಗಳ ಸ್ಥಿತಿಯ ಲೆಕ್ಕದಲ್ಲಿ ಹೇಳುವುದು ರೂಢಿ. ಯಲಹಂಕದ ಹಳೆಯ ಪೇಟೆಯ ಸುತ್ತ ಹಬ್ಬಿದ ಬಡಾವಣೆಗಳಲ್ಲಿ, ಹೆಬ್ಬಾಳದ ಬಹುಮಹಡಿ ಕಟ್ಟಡಗಳಲ್ಲಿ, ಯಶವಂತಪುರದ ಮಂಡಿ ಮತ್ತು ಕಾರ್ಖಾನೆಗಳ ಆಸುಪಾಸಿನ ವಠಾರಗಳಲ್ಲಿ, ಆರ್.ಟಿ. ನಗರದ ಬಾಡಿಗೆ ಮನೆಗಳಲ್ಲಿ ಇದರ ಜೊತೆಜೊತೆಗೇ ಇನ್ನೊಂದು ಬದಲಾವಣೆಯೂ ನಡೆದಿದೆ: ಹೆರಿಗೆಯಾದಾಗ, ಕಾಯಿಲೆ ಬಿದ್ದಾಗ, ಕೆಲಸ ಹೋದಾಗ ಪಕ್ಕದಲ್ಲಿ ಬಂದು ನಿಲ್ಲುವವರು ಯಾರು ಎಂಬ ಪ್ರಶ್ನೆಗೆ ಒಂದು ತಲೆಮಾರಿನ ಹಿಂದೆ ಇದ್ದ ಉತ್ತರ ಈಗ ಇಲ್ಲ. ಇದನ್ನು ಮನಸ್ಸಿನ ಸಮಾಧಾನದ ಸಂಗತಿಯೆಂದು ಬದಿಗಿಡುವವರೇ ಹೆಚ್ಚು. ಆದರೆ ಕಳೆದ ಐದು ದಶಕಗಳ ವೈದ್ಯಕೀಯ ಸಂಶೋಧನೆಯು ಈ ಪ್ರಶ್ನೆಯನ್ನು ರಕ್ತದೊತ್ತಡ ಮತ್ತು ಧೂಮಪಾನದ ಸಾಲಿನಲ್ಲಿಟ್ಟು ನೋಡಬೇಕೆಂದು ಮತ್ತೆ ಮತ್ತೆ ತೋರಿಸಿಕೊಟ್ಟಿದೆ.

ವಿಜ್ಞಾನಿಗಳು ಸಾಮಾಜಿಕ ಬೆಂಬಲ ಎಂದು ಕರೆಯುವುದರಲ್ಲಿ ಹಲವು ಬಗೆಗಳು ಸೇರಿಕೊಂಡಿವೆ. ದುಃಖದಲ್ಲಿ ಜೊತೆಗಿರುವುದು ಭಾವನಾತ್ಮಕ ಬೆಂಬಲ, ಆಸ್ಪತ್ರೆಗೆ ಕರೆದುಕೊಂಡು ಹೋಗುವುದು ಅಥವಾ ಕೈಸಾಲ ಕೊಡುವುದು ವಸ್ತುರೂಪದ ನೆರವು, ಯಾವ ಡಾಕ್ಟರನ್ನು ಕಾಣಬೇಕು ಎಂದು ಹೇಳುವುದು ಮಾಹಿತಿಯ ನೆರವು, ನಡೆಯುತ್ತಿರುವ ದಾರಿ ಸರಿಯಿದೆಯೇ ಎಂದು ತೂಗಿ ನೋಡಿ ಧೈರ್ಯ ಹೇಳುವುದು ನಾಲ್ಕನೆಯದು. ಇವೆಲ್ಲಕ್ಕಿಂತ ಮುಖ್ಯವಾದ ಇನ್ನೊಂದು ವ್ಯತ್ಯಾಸವಿದೆ. ನಿಜವಾಗಿ ಪಡೆದ ನೆರವು ಒಂದು, ಬೇಕಾದಾಗ ನೆರವು ಸಿಕ್ಕೇ ಸಿಗುತ್ತದೆ ಎಂಬ ನಂಬಿಕೆ ಇನ್ನೊಂದು; ಆರೋಗ್ಯದೊಂದಿಗೆ ಹೆಚ್ಚು ಗಟ್ಟಿಯಾದ ನಂಟು ಕಂಡುಬಂದಿರುವುದು ಈ ಎರಡನೆಯದಕ್ಕೆ. ಕರೆದರೆ ಬರುವವರಿದ್ದಾರೆ ಎಂದು ತಿಳಿದಿರುವ ವ್ಯಕ್ತಿ ಒಮ್ಮೆಯೂ ಕರೆಯದೆ ಇದ್ದರೂ ಆ ತಿಳಿವಳಿಕೆಯಿಂದಲೇ ಅವರ ದೇಹಕ್ಕೆ ಉಪಯೋಗವಾಗುತ್ತದೆ.

ಇದಕ್ಕೆ ಮೊದಲ ಬಲವಾದ ಸಾಕ್ಷ್ಯ ದೊರೆತದ್ದು ಅಮೆರಿಕದ ಕ್ಯಾಲಿಫೋರ್ನಿಯಾದ ಅಲಮೀಡಾ ಕೌಂಟಿಯಲ್ಲಿ. ಅಲ್ಲಿ 1965ರಲ್ಲಿ ಸಮೀಕ್ಷೆಗೆ ಒಳಪಟ್ಟ 6,928 ವಯಸ್ಕರನ್ನು ಒಂಬತ್ತು ವರ್ಷ ಗಮನಿಸಿದ ಲೀಸಾ ಬರ್ಕ್‌ಮನ್ ಮತ್ತು ಲಿಯೊನಾರ್ಡ್ ಸೈಮ್ 1979ರಲ್ಲಿ ಪ್ರಕಟಿಸಿದ ಲೇಖನದ ಪ್ರಕಾರ, ಸಂಬಂಧಗಳು ತೀರ ಕಡಿಮೆಯಿದ್ದ ಗಂಡಸರ ಸಾವಿನ ಪ್ರಮಾಣ ಸಂಬಂಧಗಳು ಹೇರಳವಾಗಿದ್ದವರಿಗಿಂತ 2.3 ಪಟ್ಟು, ಹೆಂಗಸರಲ್ಲಿ 2.8 ಪಟ್ಟು ಹೆಚ್ಚಾಗಿತ್ತು. ಮೊದಲೇ ಕಾಯಿಲೆಯಿದ್ದವರು ಜನರಿಂದ ದೂರವಾಗಿರಬಹುದಲ್ಲವೇ ಎಂಬ ಆಕ್ಷೇಪ ಸಹಜವಾದದ್ದೇ. ಆದರೆ ಸಮೀಕ್ಷೆಯ ಹೊತ್ತಿನ ಆರೋಗ್ಯ, ಆದಾಯ, ಧೂಮಪಾನ, ಕುಡಿತ, ತೂಕ ಇವುಗಳನ್ನು ಲೆಕ್ಕಕ್ಕೆ ತೆಗೆದುಕೊಂಡ ಮೇಲೂ ಆ ಅಂತರ ಉಳಿದಿತ್ತು. ಜೂಲಿಯನ್ ಹೋಲ್ಟ್-ಲುನ್‌ಸ್ಟಡ್ ಮತ್ತು ಸಂಗಡಿಗರು 2010ರಲ್ಲಿ 148 ಅಧ್ಯಯನಗಳ, ಮೂರು ಲಕ್ಷಕ್ಕೂ ಹೆಚ್ಚು ಜನರ ಮಾಹಿತಿಯನ್ನು ಒಟ್ಟುಗೂಡಿಸಿದಾಗ, ಗಟ್ಟಿ ಸಂಬಂಧಗಳಿರುವವರು ಬದುಕುಳಿಯುವ ಸಂಭವ ಶೇ. 50ರಷ್ಟು ಹೆಚ್ಚೆಂದು ಕಂಡುಬಂತು.

ಸಂಬಂಧವೆಂಬ ಹೊರಗಿನ ಸಂಗತಿ ರಕ್ತನಾಳದ ಒಳಗೆ ಇಳಿಯುವ ದಾರಿಯೂ ಈಗ ಸಾಕಷ್ಟು ಸ್ಪಷ್ಟವಾಗಿದೆ. ಅಪಾಯವೊಂದನ್ನು ಗುರುತಿಸಿದ ಕೂಡಲೇ ಮೆದುಳಿನ ಹೈಪೊಥಲಾಮಸ್ ಎಂಬ ಭಾಗವು ಪಿಟ್ಯುಟರಿ ಗ್ರಂಥಿಯ ಮೂಲಕ ಮೂತ್ರಪಿಂಡಗಳ ಮೇಲಿರುವ ಅಡ್ರಿನಲ್ ಗ್ರಂಥಿಗಳಿಗೆ ಸಂದೇಶ ಕಳುಹಿಸುತ್ತದೆ. ಅವು ಕಾರ್ಟಿಸಾಲ್ ಎಂಬ ಹಾರ್ಮೋನನ್ನು ಸ್ರವಿಸುತ್ತವೆ. ಹೃದಯದ ಬಡಿತ ಮತ್ತು ರಕ್ತದ ಸಕ್ಕರೆ ಏರಿ ದೇಹ ಓಟಕ್ಕೋ ಹೋರಾಟಕ್ಕೋ ಸಿದ್ಧವಾಗುತ್ತದೆ. ಕೆಲವು ನಿಮಿಷಗಳ ಮಟ್ಟಿಗೆ ಇದು ಜೀವ ಉಳಿಸುವ ವ್ಯವಸ್ಥೆ. ಬಾಡಿಗೆ, ಸಾಲ, ಒಂಟಿತನ, ಅವಮಾನಗಳಂಥ ಮುಗಿಯದ ಚಿಂತೆಗಳಿಂದ ಅದು ತಿಂಗಳುಗಟ್ಟಲೆ ಆರದೆ ಉಳಿದರೆ ರಕ್ತದೊತ್ತಡ ಮೇಲೆಯೇ ನಿಲ್ಲುತ್ತದೆ, ನಿದ್ರೆ ಕೆಡುತ್ತದೆ, ಸೋಂಕಿನ ವಿರುದ್ಧ ಕೆಲಸ ಮಾಡಬೇಕಾದ ಉರಿಯೂತದ ಪ್ರಕ್ರಿಯೆ ದೇಹದೊಳಗೆ ಸದಾ ಸಣ್ಣಗೆ ನಡೆಯುತ್ತಲೇ ಇದ್ದು ಹೃದ್ರೋಗ, ಮಧುಮೇಹಗಳಿಗೆ ದಾರಿಯಾಗುತ್ತದೆ. ಜೊತೆಗಾರರಿರುವಾಗ ಮೆದುಳು ಅಪಾಯವನ್ನು ಅಳೆಯುವ ಮಾಪನವೇ ಬದಲಾಗುತ್ತದೆ. ಜೇಮ್ಸ್ ಕೋನ್ 2006ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, ಸಣ್ಣ ವಿದ್ಯುತ್ ಆಘಾತವನ್ನು ನಿರೀಕ್ಷಿಸುತ್ತ ಸ್ಕ್ಯಾನರ್‌ನೊಳಗೆ ಮಲಗಿದ್ದ 16 ವಿವಾಹಿತ ಮಹಿಳೆಯರು ಗಂಡನ ಕೈ ಹಿಡಿದಿದ್ದಾಗ ಮೆದುಳಿನ ಅಪಾಯ ಸಂಬಂಧಿ ಭಾಗಗಳ ಚಟುವಟಿಕೆ ತಗ್ಗಿತು. ದಾಂಪತ್ಯ ಚೆನ್ನಾಗಿದ್ದಷ್ಟೂ ಈ ತಗ್ಗುವಿಕೆ ಹೆಚ್ಚಾಗಿತ್ತು. ಶೆಲ್ಡನ್ ಕೋಹೆನ್ 1997ರಲ್ಲಿ ಪ್ರಕಟಿಸಿದ ಪರೀಕ್ಷೆ ಇನ್ನೂ ನೇರವಾದದ್ದು. ಅವರ ತಂಡವು 276 ಆರೋಗ್ಯವಂತ ಸ್ವಯಂಸೇವಕರ ಮೂಗಿಗೆ ನೆಗಡಿಯ ವೈರಾಣುವಿರುವ ಹನಿಗಳನ್ನು ಹಾಕಿ, ಅವರನ್ನು ಪ್ರತ್ಯೇಕವಾಗಿರಿಸಿ ಕಾದು ನೋಡಿತು. ಕುಟುಂಬ, ಗೆಳೆಯರು, ಸಹೋದ್ಯೋಗಿಗಳು, ನೆರೆಯವರು, ಸಂಘಸಂಸ್ಥೆ ಎಂಬಂತೆ ಆರು ಅಥವಾ ಹೆಚ್ಚು ಬಗೆಯ ಸಂಬಂಧಗಳಿದ್ದವರಿಗೆ ಹೋಲಿಸಿದರೆ, ಮೂರೋ ಅದಕ್ಕಿಂತ ಕಡಿಮೆಯೋ ಬಗೆಯ ಸಂಬಂಧಗಳಿದ್ದವರಿಗೆ ನೆಗಡಿ ಹತ್ತುವ ಅಪಾಯ 4.2 ಪಟ್ಟು ಇತ್ತು.

ಬದುಕಿನ ಆರಂಭದಲ್ಲಿಯೇ ಈ ಬೆಂಬಲದ ಕೆಲಸ ಶುರುವಾಗುತ್ತದೆ. ಚೊಚ್ಚಲ ಹೆರಿಗೆಗೆ ತವರಿಗೆ ಹೋಗಿ, ತಾಯಿ, ಅಜ್ಜಿ, ಅತ್ತಿಗೆಯರ ಕೈಯಲ್ಲಿ ತಿಂಗಳುಗಟ್ಟಲೆ ಬಾಣಂತನ ಮಾಡಿಸಿಕೊಳ್ಳುವ ಕನ್ನಡ ನಾಡಿನ ಪದ್ಧತಿಯಲ್ಲಿ ಪಥ್ಯದ ಅತಿರೇಕಗಳು ಇದ್ದರೂ, ಹೊಸ ತಾಯಿಯನ್ನು ಒಂಟಿಯಾಗಿ ಬಿಡಬಾರದೆಂಬ ಅದರ ತಿರುಳು ವಿಜ್ಞಾನಸಮ್ಮತವಾದದ್ದು. ಹೆರಿಗೆಯ ಉದ್ದಕ್ಕೂ ಜೊತೆಗೊಬ್ಬರು ಇರುವುದರ ಬಗ್ಗೆ 26 ಪ್ರಯೋಗಗಳನ್ನು, 15 ಸಾವಿರಕ್ಕೂ ಹೆಚ್ಚು ಮಹಿಳೆಯರ ಮಾಹಿತಿಯನ್ನು ಪರಿಶೀಲಿಸಿದ 2017ರ ಕಾಕ್ರನ್ ಸಮೀಕ್ಷೆಯು, ಹೀಗೆ ಜೊತೆಯಿದ್ದಾಗ ನೋವಿನ ಅವಧಿ ಕಡಿಮೆಯಾಗುತ್ತದೆ, ಸಹಜ ಹೆರಿಗೆ ಹೆಚ್ಚುತ್ತದೆ, ಸಿಸೇರಿಯನ್ ತಗ್ಗುತ್ತದೆ ಎಂದು ಹೇಳಿತು. ಭಾರತದ ಆರೋಗ್ಯ ಸಚಿವಾಲಯವು 2016ರಲ್ಲಿ ಸರ್ಕಾರಿ ಆಸ್ಪತ್ರೆಗಳ ಹೆರಿಗೆ ಕೋಣೆಯಲ್ಲಿ ಜೊತೆಗಾತಿಯೊಬ್ಬಳಿಗೆ ಅವಕಾಶ ಕೊಡಬೇಕೆಂದು ಸೂಚಿಸಿತು. ಕಡಿಮೆ ತೂಕದ ಮಗುವನ್ನು ಎದೆಗೆ ಚರ್ಮ ತಾಗುವಂತೆ ಅಪ್ಪಿಟ್ಟುಕೊಳ್ಳುವ ಕಾಂಗರೂ ಆರೈಕೆಯ ವಿಷಯವೂ ಹೀಗೆಯೇ ಇದೆ. ಇದನ್ನು ಹುಟ್ಟಿದ ಕೂಡಲೇ ಆರಂಭಿಸಿದರೆ ಮೊದಲ 28 ದಿನಗಳ ಸಾವು ಶೇ. 25ರಷ್ಟು ಇಳಿಯುತ್ತದೆಂದು ವಿಶ್ವ ಆರೋಗ್ಯ ಸಂಸ್ಥೆಯು ಭಾರತವೂ ಸೇರಿದಂತೆ ಐದು ದೇಶಗಳಲ್ಲಿ ನಡೆಸಿ 2021ರಲ್ಲಿ ಪ್ರಕಟಿಸಿದ ಪ್ರಯೋಗ ತೋರಿಸಿತು. ಕರ್ನಾಟಕದ ಕೊಪ್ಪಳ ಜಿಲ್ಲೆಯಲ್ಲಿ ಈ ಆರೈಕೆಯನ್ನು ಜಿಲ್ಲೆಯುದ್ದಕ್ಕೂ ಹರಡುವ ಕೆಲಸ ನಡೆದಿದೆ. ದಿನಕ್ಕೆ ಹಲವು ಗಂಟೆ ಮಗುವನ್ನು ಎದೆಯ ಮೇಲಿಟ್ಟುಕೊಂಡಿರಬೇಕಾದರೆ ತಾಯಿಯ ಕೈ ಬಿಡುವಾಗಬೇಕು, ಅಡುಗೆಯನ್ನು ಬೇರೆಯವರು ನೋಡಿಕೊಳ್ಳಬೇಕು, ಅವಳು ಮಲಗಿದಾಗ ಅಜ್ಜಿಯೋ ಅಪ್ಪನೋ ಮಗುವನ್ನು ಎದೆಗೆ ತೆಗೆದುಕೊಳ್ಳಬೇಕು. ಯಾದಗಿರಿಯಿಂದಲೋ ರಾಯಚೂರಿನಿಂದಲೋ ಬಂದು ಯಶವಂತಪುರದ ಒಂದು ಕೋಣೆಯ ಮನೆಯಲ್ಲಿ ಇರುವ, ಗಂಡನಿಗೆ ಎರಡು ದಿನದ ರಜೆಯೂ ಸಿಗದ ದಂಪತಿಗೆ ಇಂಥ ಸುಲಭವಾದ ಆರೈಕೆಯೂ ದುರ್ಲಭವಾಗುತ್ತದೆ. ಹೆರಿಗೆಯ ನಂತರ ತೀವ್ರ ಮಾನಸಿಕ ತೊಂದರೆಗೆ ಒಳಗಾದವರನ್ನು ಮಗುವಿನೊಂದಿಗೇ ದಾಖಲಿಸಿಕೊಳ್ಳುವ ವಿಭಾಗವನ್ನು ಬೆಂಗಳೂರಿನ ನಿಮ್ಹಾನ್ಸ್ 2009ರಲ್ಲಿ ತೆರೆದದ್ದು, ತಾಯಿ ಮಗುವನ್ನು ಬೇರ್ಪಡಿಸುವುದು ಚಿಕಿತ್ಸೆಗೇ ಅಡ್ಡಿಯೆಂಬ ತಿಳಿವಳಿಕೆಯಿಂದ.

ದುಡಿಯುವ ವಯಸ್ಸಿನಲ್ಲಿ ಸಣ್ಣ ಪರಿಚಯಗಳಿಗೂ ಬೆಲೆಯಿದೆ. ಪಿಜಿಯ ಸಹವಾಸಿ, ಗಾರ್ಮೆಂಟ್ಸ್‌ನಲ್ಲಿ ಪಕ್ಕದ ಯಂತ್ರದವಳು, ಮಂಡಿಯ ಹಮಾಲರ ತಂಡ, ದಿನವೂ ಹೂ ಕೊಡುವಾಕೆ, ಇವರೊಂದಿಗಿನ ಎರಡು ಮಾತೂ ದಿನದ ನೆಮ್ಮದಿಯನ್ನು ಹೆಚ್ಚಿಸುತ್ತದೆಂದು ಸಣ್ಣ ಪರಿಚಯಗಳ ಕುರಿತ ಅಧ್ಯಯನಗಳಿಂದ ಊಹಿಸಬಹುದು. ಕರ್ನಾಟಕದಲ್ಲಿ 2000-01ರಲ್ಲಿ ಆರಂಭವಾದ ಸ್ತ್ರೀಶಕ್ತಿ ಸಂಘಗಳು ಉಳಿತಾಯಕ್ಕೆಂದೇ ಹುಟ್ಟಿದವಾದರೂ, ವಾರಕ್ಕೊಮ್ಮೆ ಒಂದೆಡೆ ಕೂರುವ ಹೆಂಗಸರ ಕೂಟವೆಂಬುದು ಅವುಗಳ ಇನ್ನೊಂದು ಆಸ್ತಿ.

ಮುಪ್ಪಿನಲ್ಲಿ ವಿಷಯ ಹೆಚ್ಚು ತೊಡಕಾಗುತ್ತದೆ. ಮಗನ ಅಥವಾ ಮಗಳ ಮನೆಗೆಂದು ಊರು ಬಿಟ್ಟು ಯಲಹಂಕ, ಹೆಬ್ಬಾಳಗಳ ಕಟ್ಟಡಗಳ ಏಳನೆಯ ಎಂಟನೆಯ ಮಹಡಿಗೆ ಬಂದ ಹಿರಿಯರು ಒಬ್ಬಂಟಿಗಳಲ್ಲ. ಮೊಮ್ಮಕ್ಕಳಿದ್ದಾರೆ, ಮಾತ್ರೆಗೆ ಕೊರತೆಯಿಲ್ಲ. ಅಧ್ಯಯನಕಾರರು ಇಲ್ಲಿ ಏಕಾಂತವನ್ನೂ ಒಂಟಿತನವನ್ನೂ ಬೇರೆಯಾಗಿಸುತ್ತಾರೆ: ಏಕಾಂತವೆಂದರೆ ಸಂಪರ್ಕಗಳ ಸಂಖ್ಯೆ ಕಡಿಮೆಯಿರುವುದು, ಒಂಟಿತನವೆಂದರೆ ಇರುವ ಸಂಬಂಧಗಳಿಗೂ ಬಯಸಿದ ಸಂಬಂಧಗಳಿಗೂ ನಡುವಿನ ಅಂತರದ ನೋವು. ಅರಳಿಕಟ್ಟೆಯ ಮಾತು, ಹೊಲದ ಕೆಲಸ, ಹೆಸರು ಹಿಡಿದು ಕರೆಯುವ ಬೀದಿ ಎಲ್ಲವನ್ನೂ ಬಿಟ್ಟು ಬಂದವರಿಗೆ ತುಂಬಿದ ಮನೆಯಲ್ಲಿಯೂ ಎರಡನೆಯದು ಕಾಡಬಹುದು. ಮೊದಲನೆಯದರ, ಅಂದರೆ ಏಕಾಂತದ, ಬೆಲೆಯನ್ನು ಮೆದುಳು ತೆರುತ್ತದೆ. ಮರೆವಿನ ಕಾಯಿಲೆ, ಅಂದರೆ ಡಿಮೆನ್ಷಿಯಾ ಕುರಿತ ಲ್ಯಾನ್ಸೆಟ್ ಆಯೋಗವು 2024ರಲ್ಲಿ ಗುರುತಿಸಿದ, ತಡೆಯಲು ಅಥವಾ ತಗ್ಗಿಸಲು ಸಾಧ್ಯವಿರುವ 14 ಅಪಾಯಕಾರಿ ಅಂಶಗಳಲ್ಲಿ ಸಾಮಾಜಿಕ ಏಕಾಂತವೂ ಒಂದು; ಕಿವಿ ಮಂದವಾಗುವುದು ಇನ್ನೊಂದು, ಮತ್ತು ಕೇಳಿಸದವರು ಮಾತಿನಿಂದ ಹಿಂದೆ ಸರಿಯುವುದರಿಂದ ಇವೆರಡೂ ಕೂಡಿಕೊಂಡೇ ಬೆಳೆಯುತ್ತವೆ. ಯಶವಂತಪುರದ ಮಗ್ಗುಲಲ್ಲೇ ಇರುವ ಭಾರತೀಯ ವಿಜ್ಞಾನ ಸಂಸ್ಥೆಯ ಆವರಣದ ಮೆದುಳು ಸಂಶೋಧನಾ ಕೇಂದ್ರವು 2018ರಿಂದ ಕೋಲಾರ ಜಿಲ್ಲೆಯ ಶ್ರೀನಿವಾಸಪುರ ತಾಲ್ಲೂಕಿನ ಹಳ್ಳಿಗಳಲ್ಲಿ 45 ದಾಟಿದವರನ್ನು ವರ್ಷವರ್ಷವೂ ಪರೀಕ್ಷಿಸುವ ದೀರ್ಘ ಅಧ್ಯಯನವನ್ನು ನಡೆಸುತ್ತಿದೆ, ಬೆಂಗಳೂರು ನಗರದವರಿಗಾಗಿ ಇನ್ನೊಂದನ್ನೂ ನಡೆಸುತ್ತಿದೆ. ಹಳ್ಳಿಯ ಮುಪ್ಪನ್ನೂ ನಗರದ ಮುಪ್ಪನ್ನೂ ಅಕ್ಕಪಕ್ಕ ಇಟ್ಟು ನೋಡುವ ಇಂಥ ಅವಕಾಶ ಅಪರೂಪದ್ದು.

ಹಿರಿಯರಿಗೆ ನೆರವು ಕೊಡುವುದೊಂದೇ ಪರಿಹಾರವೆಂದು ತಿಳಿಯುವುದು ಅರ್ಧ ಸತ್ಯ. ಅಮೆರಿಕದ ಡೆಟ್ರಾಯಿಟ್ ಸುತ್ತಲಿನ 423 ವೃದ್ಧ ದಂಪತಿಗಳನ್ನು ಐದು ವರ್ಷ ಗಮನಿಸಿ 2003ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಸಂಗಾತಿಗೋ ನೆರೆಯವರಿಗೋ ನೆರವು ಕೊಡುತ್ತಿದ್ದವರಲ್ಲಿ ಸಾವು ಕಡಿಮೆಯಿತ್ತು. ನೆರವು ಪಡೆಯುವುದರಿಂದ ಅಂಥ ಲಾಭ ಕಾಣಲಿಲ್ಲ. ಸೊಪ್ಪು ಬಿಡಿಸಬೇಡಿ, ಮೆಟ್ಟಿಲು ಹತ್ತಬೇಡಿ, ಸುಮ್ಮನೆ ಕುಳಿತಿರಿ ಎಂದು ಪ್ರೀತಿಯಿಂದಲೇ ಹೇಳುವ ಮನೆಗಳು ಹಿರಿಯರಿಂದ ಕಸಿದುಕೊಳ್ಳುವುದು ಇದನ್ನೇ. ಬೆಂಬಲವು ಕೊಡುವ ರೀತಿಯಿಂದಲೂ ಕೆಡುತ್ತದೆ: ವಕೀಲಿ ಪರೀಕ್ಷೆಗೆ ಓದುತ್ತಿದ್ದವರ ದಿನಚರಿಗಳನ್ನು ಪರಿಶೀಲಿಸಿದ ನಯಲ್ ಬೋಲ್ಗರ್ 2000ದಲ್ಲಿ ತೋರಿಸಿದಂತೆ, ಸಂಗಾತಿ ಕೊಟ್ಟರೂ ಪಡೆದವರ ಗಮನಕ್ಕೆ ಬಾರದ ನೆರವೇ ಆತಂಕವನ್ನು ಹೆಚ್ಚು ತಗ್ಗಿಸಿತ್ತು.

ಕುಟುಂಬವನ್ನು ಹೊಗಳುವ ಮಾತಿನಲ್ಲಿ ಮರೆಯಾಗುವ ಇನ್ನೊಂದು ಸಂಗತಿಯೆಂದರೆ, ಈ ಆಸರೆಯ ಬಹುಪಾಲು ಭಾರ ಸೊಸೆ, ಮಗಳು, ಹೆಂಡತಿಯರ ಮೇಲೆ ಬೀಳುತ್ತದೆ. ಮರೆವಿನ ಕಾಯಿಲೆಯವರನ್ನು ನೋಡಿಕೊಳ್ಳುತ್ತಿದ್ದ 13 ಮಹಿಳೆಯರ ತೋಳಿನಲ್ಲಿ ಮಾಡಿದ ಒಂದೇ ಅಳತೆಯ ಸಣ್ಣ ಗಾಯ, ಅವರದೇ ವಯಸ್ಸಿನ ಇತರರಿಗಿಂತ ಸುಮಾರು 9 ದಿನ ತಡವಾಗಿ ಮಾಯಿತೆಂದು ಜಾನಿಸ್ ಕೀಕೋಲ್ಟ್-ಗ್ಲೇಸರ್ 1995ರಲ್ಲಿ ವರದಿ ಮಾಡಿದರು. ನೈಟಿಂಗೇಲ್ಸ್ ಮೆಡಿಕಲ್ ಟ್ರಸ್ಟ್ ಬೆಂಗಳೂರಿನಲ್ಲಿ ಮರೆವಿನ ಕಾಯಿಲೆಯವರ ಆರೈಕೆಗೆ ನಡೆಸುವಂಥ ಕೇಂದ್ರಗಳೂ, ಹೆಬ್ಬಾಳದ ಬ್ಯಾಪ್ಟಿಸ್ಟ್ ಆಸ್ಪತ್ರೆಯವರು ಗುಣವಾಗದ ಕಾಯಿಲೆಯವರ ಮನೆಗೇ ಹೋಗಿ ಕೊಡುವ ಉಪಶಮನ ಆರೈಕೆಯೂ ರೋಗಿಯಷ್ಟೇ ಈ ಹೆಂಗಸರ ಆರೋಗ್ಯವನ್ನೂ ಕಾಯುತ್ತವೆ. ಅದೇ ಟ್ರಸ್ಟ್ ನಗರ ಪೊಲೀಸರೊಂದಿಗೆ ಸೇರಿ 2002ರಲ್ಲಿ ಆರಂಭಿಸಿದ 1090 ಸಂಖ್ಯೆಯ ಹಿರಿಯರ ಸಹಾಯವಾಣಿಗೆ ಬರುವ ದೂರುಗಳಲ್ಲಿ ಸ್ವಂತ ಮಕ್ಕಳ ಕಿರುಕುಳದ ದೂರುಗಳೂ ಸೇರಿವೆ. ಸಂಬಂಧವಿದ್ದ ಮಾತ್ರಕ್ಕೆ ಬೆಂಬಲವಿದೆಯೆಂದು ಲೆಕ್ಕ ಹಾಕುವಂತಿಲ್ಲ.

ವಿಶ್ವ ಆರೋಗ್ಯ ಸಂಸ್ಥೆಯ ಆಯೋಗವು 2025ರ ಜೂನ್‌ನಲ್ಲಿ, ಜಗತ್ತಿನ ಆರು ಜನರಲ್ಲಿ ಒಬ್ಬರು ಒಂಟಿತನದಿಂದ ಬಳಲುತ್ತಿದ್ದಾರೆ ಮತ್ತು ವರ್ಷಕ್ಕೆ ಸುಮಾರು 8.71 ಲಕ್ಷ ಸಾವುಗಳಿಗೆ ಅದರ ನಂಟಿದೆ ಎಂದು ವರದಿ ಕೊಟ್ಟಿತು. ಇಂಥವರನ್ನು ಗುರುತಿಸಲು, ಬೆಂಗಳೂರಿನ ವಾರ್ಡುಗಳಲ್ಲಿ ಕೆಲಸ ಮಾಡುತ್ತಿರುವ ‘ನಮ್ಮ ಕ್ಲಿನಿಕ್’ ಎಂಬ ಸರ್ಕಾರಿ ಚಿಕಿತ್ಸಾಲಯಗಳಲ್ಲಿ ರಕ್ತದೊತ್ತಡ, ಸಕ್ಕರೆಯ ಅಳತೆಯ ಜೊತೆಗೆ ಒಂದು ಪ್ರಶ್ನೆಯನ್ನೂ ಬರೆದುಕೊಳ್ಳಬಹುದು: ನಡುರಾತ್ರಿ ತೊಂದರೆಯಾದರೆ ಯಾರನ್ನು ಕರೆಯುತ್ತೀರಿ? ಹೆಸರು ಹೇಳಲಾಗದವರ ಮನೆಗೆ ಆಶಾ ಕಾರ್ಯಕರ್ತೆ ತಿಂಗಳಿಗೊಮ್ಮೆ ಹೋಗಿಬರುವುದು, ಬಡಾವಣೆಯ ಉದ್ಯಾನದ ಹಿರಿಯರ ಕೂಟಕ್ಕೆ, ಸ್ತ್ರೀಶಕ್ತಿ ಸಂಘಕ್ಕೆ ಅವರ ಪರಿಚಯ ಮಾಡಿಸುವುದು, ಬೇಕಾದವರಿಗೆ 14416 ಸಂಖ್ಯೆಯ ಟೆಲಿಮಾನಸ್ ಎಂಬ ಮಾನಸಿಕ ಆರೋಗ್ಯ ಸಹಾಯವಾಣಿಯನ್ನು ತಿಳಿಸಿಕೊಡುವುದು, ಇವಕ್ಕೆ ಹೊಸ ಕಟ್ಟಡವೂ ಬೇಡ, ದುಬಾರಿ ಯಂತ್ರವೂ ಬೇಡ. ಆದರೆ ಆಶಾ ಕಾರ್ಯಕರ್ತೆಯ ಈಗಿನ ಹೊರೆಯನ್ನು ತಗ್ಗಿಸಿ, ಈ ಭೇಟಿಗೆಂದೇ ಅವಳಿಗೆ ಸಮಯವನ್ನೂ ತಕ್ಕ ಸಂಭಾವನೆಯನ್ನೂ ಕೊಡಬೇಕಾಗುತ್ತದೆ.