ಮುಸುರೆ ಪಾತ್ರೆಗೆ ಯಂತ್ರ ಬೇಕೆ?

ಹಬ್ಬದ ಅಡಿಗೆಗೆ ಕೈಜೋಡಿಸುವವರು ಮನೆಯಲ್ಲಿ ಹಲವರುಂಟು. ಊಟವಾದ ಮೇಲೆ ಮುಸುರೆಯ ರಾಶಿಯ ಮುಂದೆ ನಿಲ್ಲುವವರು ಸಾಮಾನ್ಯವಾಗಿ ಒಬ್ಬರೇ. ಅವರ ಶ್ರಮವನ್ನು ತಗ್ಗಿಸಲೆಂದು ಬಂದಿರುವುದು ಪಾತ್ರೆ ತೊಳೆಯುವ ಯಂತ್ರ, ಅಂದರೆ ಡಿಷ್‌ವಾಷರ್. ಇದನ್ನು ಕೊಳ್ಳುವುದು ಲಾಭವೋ ದುಂದುವೆಚ್ಚವೋ? ಅದರೊಳಗೆ ನಡೆಯುವುದೇನೆಂದು ತಿಳಿದರೆ ಉತ್ತರ ಹುಡುಕುವುದು ಸುಲಭ.

ಅಮೆರಿಕದ ಇಲಿನಾಯ್ ಸಂಸ್ಥಾನದ ಜೋಸೆಫೀನ್ ಕಾಕ್ರನ್ ಎಂಬ ಮಹಿಳೆ 1886ರಲ್ಲಿ ಇಂಥ ಯಂತ್ರಕ್ಕೆ ಪೇಟೆಂಟ್ ಪಡೆದರು. ತಟ್ಟೆಗಳನ್ನು ತಂತಿಯ ಗೂಡುಗಳಲ್ಲಿ ನಿಲ್ಲಿಸಿ, ಬಿಸಿಯಾದ ಸಾಬೂನು ನೀರನ್ನು ರಭಸದಿಂದ ಚಿಮ್ಮಿಸುವುದೇ ಅದರ ತತ್ತ್ವ. 1893ರ ಷಿಕಾಗೊ ವಸ್ತುಪ್ರದರ್ಶನದಲ್ಲಿ ಅದು ಹೆಸರು ಗಳಿಸಿತು. ಆದರೆ ಕೊಂಡವರು ಹೆಚ್ಚಾಗಿ ಹೋಟೆಲಿನವರು. ಅಂದಿನ ಬಹುತೇಕ ಮನೆಗಳಲ್ಲಿ ಅಷ್ಟು ಬಿಸಿನೀರಿನ ಸೌಕರ್ಯವೇ ಇರಲಿಲ್ಲ. ಯಂತ್ರ ಒಳ್ಳೆಯದಾದರೆ ಸಾಲದು. ಮನೆಯೂ ಅದಕ್ಕೆ ಹೊಂದಬೇಕು.

ಯಂತ್ರವು ಪಾತ್ರೆಯನ್ನು ತಿಕ್ಕುವುದಿಲ್ಲ. ತೋಳ್ಬಲಕ್ಕೆ ಬದಲಾಗಿ ಅದು ಶಾಖ, ಕ್ಷಾರ, ಕಾಲ ಈ ಮೂರನ್ನು ಬಳಸುತ್ತದೆ. 50ರಿಂದ 70 ಡಿಗ್ರಿ ಸೆಲ್ಸಿಯಸ್‌ವರೆಗೆ ಕಾದ ನೀರಿನಲ್ಲಿ ಜಿಡ್ಡು ಸಡಿಲವಾಗುತ್ತದೆ. ಪುಡಿಯಲ್ಲಿರುವ ಸೋಡಿಯಂ ಕಾರ್ಬೊನೇಟಿನಂಥ ಕ್ಷಾರವು ಅದನ್ನು ಬಿಡಿಸುತ್ತದೆ. ನಮ್ಮ ಅಜ್ಜಿಯರು ಬೂದಿಯಿಂದ ಪಾತ್ರೆ ಬೆಳಗುತ್ತಿದ್ದಾಗಲೂ ಕೆಲಸ ಮಾಡುತ್ತಿದ್ದುದು ಇಂಥದೇ ಕ್ಷಾರ. ಪುಡಿಯಲ್ಲಿನ ಕಿಣ್ವಗಳು ಅನ್ನದ ಪಿಷ್ಟವನ್ನೂ ಬೇಳೆಯ ಪ್ರೋಟೀನನ್ನೂ ಒಡೆಯುತ್ತವೆ.

ತಳದಲ್ಲಿ ನಿಂತ ಕೆಲವೇ ಲೀಟರು ನೀರನ್ನು ಪಂಪು ಮತ್ತೆ ಮತ್ತೆ ಮೇಲೆತ್ತಿ, ತಿರುಗುವ ತೋಳುಗಳ ರಂಧ್ರಗಳಿಂದ ಎರಚುತ್ತದೆ. ಆದುದರಿಂದ ಒಮ್ಮೆ ತೊಳೆಯಲು 10ರಿಂದ 15 ಲೀಟರು ಸಾಕು. ನಿಮಿಷಕ್ಕೆ 6 ಲೀಟರು ಸುರಿಯುವ ನಲ್ಲಿಯನ್ನು ಕಾಲು ಗಂಟೆ ತೆರೆದಿಟ್ಟರೆ 90 ಲೀಟರು ಹರಿದುಹೋಗುತ್ತದೆ. ಆದರೆ ಎರಡು ಬಕೆಟ್ ನೀರಿನಲ್ಲೇ ಕೆಲಸ ಮುಗಿಸುವ ಮನೆಗೆ ಈ ಉಳಿತಾಯ ದೊಡ್ಡದಲ್ಲ.

ವಿದ್ಯುತ್ತಿನ ಲೆಕ್ಕವನ್ನೂ ನೋಡೋಣ. ಒಂದು ಲೀಟರು ನೀರಿನ ಉಷ್ಣತೆಯನ್ನು ಒಂದು ಡಿಗ್ರಿ ಏರಿಸಲು 4.2 ಕಿಲೊಜೂಲ್ ಶಕ್ತಿ ಬೇಕು. 4 ಲೀಟರನ್ನು 25ರಿಂದ 60 ಡಿಗ್ರಿಗೆ ಕಾಯಿಸಲು 588 ಕಿಲೊಜೂಲ್, ಅಂದರೆ ಸುಮಾರು ಒಂದು ಯೂನಿಟ್ಟಿನ ಆರನೆಯ ಒಂದು ಭಾಗ. ಹೀಗೆ ಎರಡು ಬಾರಿ ಕಾಯಿಸಬೇಕು, ಪಾತ್ರೆಗಳೂ ಪೆಟ್ಟಿಗೆಯೂ ಕಾಯಬೇಕು, ಪಂಪು ಓಡಬೇಕು. ಎಲ್ಲ ಸೇರಿ ಸುಮಾರು ಒಂದು ಯೂನಿಟ್ ತಗಲುತ್ತದೆ. ಪೆಟ್ಟಿಗೆ ಅರ್ಧ ಖಾಲಿಯಿದ್ದರೂ ಖರ್ಚು ಹೆಚ್ಚು ಇಳಿಯದು.

ಕೊಳ್ಳುವ ಮುನ್ನ ಅಡಿಗೆಮನೆಯ ಗೂಡನ್ನು ಪರೀಕ್ಷಿಸಬೇಕು. ಸ್ಟೀಲು, ಗಾಜು, ಪಿಂಗಾಣಿ ಬಹುಮಟ್ಟಿಗೆ ನಿರಪಾಯ. ಅಲ್ಯೂಮಿನಿಯಂ ಮೇಲಿನ ಆಕ್ಸೈಡಿನ ಪೊರೆಯನ್ನು ಕ್ಷಾರವು ತಿಂದು ಪಾತ್ರೆಯನ್ನು ಕಪ್ಪಾಗಿಸುತ್ತದೆ. ಹಿತ್ತಾಳೆ, ತಾಮ್ರಗಳು ಮಂಕಾಗುತ್ತವೆ. ಕಬ್ಬಿಣದ ಕಾವಲಿ ತುಕ್ಕು ಹಿಡಿಯುತ್ತದೆ. ಮರದ ಸೌಟು ಸೀಳುತ್ತದೆ.

ಇನ್ನು ನೀರಿನ ಗುಣ. ಬೆಂಗಳೂರು, ಕೋಲಾರಗಳ ಅನೇಕ ಕೊಳವೆಬಾವಿಗಳ ನೀರು ಗಡಸು. ಅದರಲ್ಲಿನ ಕ್ಯಾಲ್ಸಿಯಂ, ಮೆಗ್ನೀಸಿಯಂ ಲವಣಗಳು ಗಾಜಿನ ಮೇಲೆ ಬಿಳಿಯ ಕಲೆಯನ್ನೂ ಯಂತ್ರದೊಳಗೆ ಗಟ್ಟಿ ಪದರವನ್ನೂ ಕಟ್ಟುತ್ತವೆ. ಯಂತ್ರದಲ್ಲಿನ ರಾಳದ ಮಣಿಗಳು ಆ ಲೋಹಗಳ ಅಯಾನುಗಳನ್ನು ಹಿಡಿದಿಟ್ಟುಕೊಂಡು ಸೋಡಿಯಂ ಅಯಾನುಗಳನ್ನು ಬಿಟ್ಟುಕೊಡುತ್ತವೆ; ಉಪ್ಪುನೀರಿನಿಂದ ಅವು ಪುನಃ ಸಿದ್ಧವಾಗುತ್ತವೆ. ಗಡಸು ನೀರಿನ ಊರಿನವರು ಈ ಏರ್ಪಾಡಿಲ್ಲದ ಯಂತ್ರವನ್ನು ಕೊಳ್ಳಲಾಗದು. ದೊಡ್ಡ ಬಾಣಲೆ ಗೂಡಿನಲ್ಲಿ ಕೂರುವುದೇ ಎಂದು ಅಂಗಡಿಯಲ್ಲೇ ಇಟ್ಟು ನೋಡುವುದೂ ಜಾಣತನ.

ಕೊನೆಗೆ ಹಣ. 36,500 ರೂಪಾಯಿಯ ಯಂತ್ರವು ದಿನಕ್ಕೊಮ್ಮೆಯಂತೆ 10 ವರ್ಷ ನಡೆದರೆ ಪ್ರತಿ ಬಾರಿಗೂ 10 ರೂಪಾಯಿ ಬೀಳುತ್ತದೆ. ಐದೇ ವರ್ಷ ನಡೆದರೆ 20. ವಿದ್ಯುತ್ತು, ಪುಡಿ, ಉಪ್ಪು, ರಿಪೇರಿಗಳ ವೆಚ್ಚ ಬೇರೆ. ಇಬ್ಬರೇ ಇರುವ, ಅಲ್ಯೂಮಿನಿಯಂ ಹೆಚ್ಚಾಗಿರುವ ಮನೆಗೆ ಇದು ದುಬಾರಿ. ಐದಾರು ಮಂದಿಯ, ಸ್ಟೀಲು ಪಾತ್ರೆಗಳ ಮನೆಯಲ್ಲಿ ಲೆಕ್ಕ ಬೇರೆಯಾಗುತ್ತದೆ. ಪಾತ್ರೆಗಳನ್ನು ಜೋಡಿಸುವ, ತೆಗೆದಿಡುವ ಕೆಲಸ ಅಲ್ಲಿಯೂ ತಪ್ಪದು. ಆದರೆ ತಿಕ್ಕುವ ಹೊತ್ತು ಉಳಿಯುತ್ತದೆ. ಆ ಹೊತ್ತಿಗೆ ಬೆಲೆ ಕಟ್ಟುವಾಗ, ಪ್ರತಿದಿನ ಪಾತ್ರೆ ತಿಕ್ಕುವವರ ಮಾತನ್ನೇ ಮೊದಲು ಕೇಳುವುದು ನ್ಯಾಯ.